ಹಿರಿಯೂರು ತನಕ ಓಡೀತಾ?

ಧರ್ಮಪುರದ ಮನೆಯೊಂದರ ಮುಂದೆ ಬೆಳಿಗ್ಗೆ ಕಾರು ಸ್ಟಾರ್ಟ್ ಆಗುತ್ತದೆ. ಮನೆಮಂದಿ ಹಿರಿಯೂರಿನ ತೇರುಮಲ್ಲೇಶ್ವರನ ಜಾತ್ರೆಗೋ ಆಸ್ಪತ್ರೆಗೋ ಹೊರಟು ನಿಂತಿದ್ದಾರೆ. ನಿನ್ನೆ ಇಲ್ಲದಿದ್ದ ಶಬ್ದವೊಂದು ಬಾನೆಟ್ಟಿನ ಒಳಗಿಂದ ಕೇಳಿಸುತ್ತಿದೆ. ಆಗ ಎಲ್ಲರೂ ಕೇಳುವುದು ಒಂದನ್ನೇ: ಹಿರಿಯೂರು ತನಕ ಓಡೀತಾ? ಆಂಧ್ರದ ಗಡಿಗೆ ಅಂಟಿಕೊಂಡಿರುವ ಈ ಹೋಬಳಿಯಲ್ಲಿ ಬೈಕು, ಟ್ರ್ಯಾಕ್ಟರಿನ ಕೆಲಸ ಊರಲ್ಲೇ ಮುಗಿಯಬಹುದು. ಕಾರಿನ ಎಂಜಿನ್ ಬಿಚ್ಚಬೇಕೆಂದರೆ ತಾಲ್ಲೂಕು ಕೇಂದ್ರ ಹಿರಿಯೂರಿಗೆ ಹೋಗಬೇಕು. ಅಲ್ಲೂ ಆಗದಿದ್ದರೆ ಮತ್ತೆ ಸುಮಾರು 40 ಕಿಲೋಮೀಟರ್ ದೂರದ ಚಿತ್ರದುರ್ಗ. ಹೀಗಾಗಿ ಶಬ್ದವನ್ನು ಸರಿಯಾಗಿ ಕೇಳಲು ಬರುವುದು ಇಲ್ಲಿ ಸಾವಿರಗಟ್ಟಲೆ ರೂಪಾಯಿಯ ಪ್ರಶ್ನೆ. ಕೆಲವೊಮ್ಮೆ ಇಡೀ ಎಂಜಿನ್ನಿನ ಪ್ರಶ್ನೆ.

ಅನುಭವಿ ಮೆಕ್ಯಾನಿಕ್ ಬಾನೆಟ್ ಎತ್ತುವ ಮೊದಲೇ ಕೇಳುತ್ತಾನೆ: “ಸೌಂಡು ಬೆಳಗ್ಗೆ ಬರ್ತೈತೋ, ಬಿಸಿ ಆದ್ಮೇಲೆ ಬರ್ತೈತೋ ಅಣ್ಣ? ರೇಸ್ ಮಾಡಿದ್ರೆ ಜಾಸ್ತಿ ಆಗ್ತೈತಾ? ಏರು ಹತ್ತುವಾಗ ಮಾತ್ರನಾ?” ಅರ್ಧ ರೋಗಪರೀಕ್ಷೆ ಈ ಪ್ರಶ್ನೆಗಳಲ್ಲೇ ಮುಗಿದಿರುತ್ತದೆ. ಮಿಕ್ಕರ್ಧ ಲೆಕ್ಕಾಚಾರ. ಲೆಕ್ಕ ಸಾಧ್ಯವಾಗುವುದಕ್ಕೆ ಕಾರಣ, ಎಂಜಿನ್ನಿನ ಒಳಗೆ ಯಾವ ಭಾಗವೂ ತನ್ನಿಷ್ಟಕ್ಕೆ ತಿರುಗುವುದಿಲ್ಲ. ಎಲ್ಲವೂ ಕ್ರ್ಯಾಂಕ್ ಶಾಫ್ಟಿಗೆ ಹಲ್ಲು, ಚೈನು ಅಥವಾ ಬೆಲ್ಟಿನಿಂದ ಕಟ್ಟಿಹಾಕಿಕೊಂಡಿವೆ.

ಕಾರಿನ ನಾಲ್ಕು ಹೊಡೆತದ (ಫೋರ್ ಸ್ಟ್ರೋಕ್) ಎಂಜಿನ್ನನ್ನೇ ತೆಗೆದುಕೊಳ್ಳೋಣ. ನಿಂತಲ್ಲೇ ಓಡುವಾಗ ಮುಳ್ಳು 900 ಆರ್‌ಪಿಎಂ (ನಿಮಿಷಕ್ಕೆ 900 ಸುತ್ತು) ತೋರಿಸುತ್ತಿದ್ದರೆ ಕ್ರ್ಯಾಂಕ್ ಸೆಕೆಂಡಿಗೆ 15 ಸುತ್ತು ತಿರುಗುತ್ತದೆ. ವಾಲ್ವುಗಳನ್ನು ತೆರೆಯುವ ಕ್ಯಾಮ್ ಶಾಫ್ಟ್ ಅದರ ಅರ್ಧ ವೇಗದಲ್ಲಿ, ಅಂದರೆ ಸೆಕೆಂಡಿಗೆ ಏಳೂವರೆ ಸುತ್ತು ತಿರುಗುತ್ತದೆ. ಮೂರು ಸಿಲಿಂಡರಿನ ಮಾರುತಿ 800ರಲ್ಲಾದರೆ ಸೆಕೆಂಡಿಗೆ 22ರಿಂದ 23 ಬಾರಿ ಪೆಟ್ರೋಲ್ ಹೊತ್ತಿ ಉರಿಯುತ್ತದೆ, ನಾಲ್ಕು ಸಿಲಿಂಡರಿನ ಕಾರಿನಲ್ಲಿ 30 ಬಾರಿ. ಬೆಲ್ಟಿನಿಂದ ಓಡುವ ಡೈನಮೋದ ಪುಲ್ಲಿ ಚಿಕ್ಕದು. ಅದು ಕ್ರ್ಯಾಂಕಿಗಿಂತ ಎರಡರಿಂದ ಮೂರು ಪಟ್ಟು ಜೋರಾಗಿ ಸುತ್ತುತ್ತದೆ. ಈ ಕೆಲವೇ ಅಂಕಿಗಳು ಗೊತ್ತಿದ್ದರೆ ಶಬ್ದದ ಮೂಲದ ಅರ್ಧ ದಾರಿ ಸವೆದ ಹಾಗೆ. ಬೆರಳಿನಲ್ಲಿ ಕಷ್ಟಪಟ್ಟು ತಾಳ ಹಾಕಬಹುದಾದಷ್ಟು ನಿಧಾನದ ಟಿಕ್ ಟಿಕ್ ಬಂದರೆ ಎಂಜಿನ್ನಿನ ತಲೆಭಾಗವನ್ನು, ಅಂದರೆ ಕ್ಯಾಮ್, ವಾಲ್ವ್, ಟ್ಯಾಪೆಟ್‌ಗಳನ್ನು ಅನುಮಾನಿಸಬೇಕು. ಅದರ ಎರಡು ಪಟ್ಟು ವೇಗದಲ್ಲಿ ಬರುವ ಭಾರದ ಡಬಡಬ ಕೆಳಗಿನದು, ಕ್ರ್ಯಾಂಕಿನ ಕಡೆಯದು. ಎಣಿಸಲು ಬಾರದೆ ಒಂದೇ ಎಳೆಯಾಗಿ ಗುಂಯ್‌ಗುಡುವುದು ಬೇರಿಂಗು, ಡೈನಮೋ, ವಾಟರ್ ಪಂಪಿನಂಥ ವೇಗದ ಭಾಗ. ಕಿವಿಗೆ ಎಣಿಸಲಾಗದಿದ್ದರೆ ಫೋನಿನಲ್ಲಿ ಅರ್ಧ ನಿಮಿಷ ರೆಕಾರ್ಡ್ ಮಾಡಿ, ವೇಗ ತಗ್ಗಿಸಿ ಕೇಳಿ. ಆ ಹೊತ್ತಿಗೆ ಮುಳ್ಳು ಎಲ್ಲಿತ್ತು ಎಂಬುದನ್ನೂ ಬಾಯಲ್ಲಿ ಹೇಳಿ ರೆಕಾರ್ಡ್ ಮಾಡಿಕೊಳ್ಳಿ. ಮೆಕ್ಯಾನಿಕ್ಕಿಗೆ ಅದಕ್ಕಿಂತ ದೊಡ್ಡ ಸಹಾಯ ಬೇರೆ ಇಲ್ಲ.

ಚಿತ್ರದುರ್ಗದ ಗುಡ್ಡಗಳ ಮೇಲೆ ತಿರುಗುವ ಗಾಳಿಯಂತ್ರಗಳ ಆರೋಗ್ಯವನ್ನು ನೋಡುವ ಕ್ರಮವೂ ಇದೇ ತತ್ತ್ವದ ಮೇಲೆ ನಿಂತಿದೆ. ಗೋಪುರದ ತುದಿಗೆ ಹತ್ತಿ ಗೇರ್ ಬಾಕ್ಸ್ ಬಿಚ್ಚುವುದು ದುಬಾರಿ ಕೆಲಸ. ಆದ್ದರಿಂದ ಅಂಥ ದೊಡ್ಡ ಯಂತ್ರಗಳಿಗೆ ಕಂಪನ ಅಳೆಯುವ ಸೆನ್ಸರುಗಳನ್ನು ಕೂರಿಸುತ್ತಾರೆ. ಅವು ಹಿಡಿಯುವ ಕಲಸಿಹೋದ ಗದ್ದಲವನ್ನು ಬಿಡಿಬಿಡಿ ಆವರ್ತನಗಳಾಗಿ ಒಡೆದು ನೋಡುವ ಗಣಿತವನ್ನು ಫ್ರಾನ್ಸಿನ ಫೂರಿಯೆ 1822ರಲ್ಲಿ ಪ್ರಕಟಿಸಿದ. ಅವನಿಗೆ ಬೇಕಾಗಿದ್ದು ಲೋಹದಲ್ಲಿ ಶಾಖ ಹರಿಯುವ ಬಗೆಯ ಲೆಕ್ಕ. 1965ರಲ್ಲಿ ಕೂಲಿ ಮತ್ತು ಟ್ಯೂಕಿ ಎಂಬ ಇಬ್ಬರು ಆ ಲೆಕ್ಕವನ್ನು ಕಂಪ್ಯೂಟರ್ ಚಕಚಕನೆ ಮಾಡುವ ದಾರಿ ತೋರಿಸಿದರು. ಇಂದು ಜೇಬಿನ ಫೋನೇ ಅದನ್ನು ಮಾಡಿ ತೋರಿಸುತ್ತದೆ. ಸೆಕೆಂಡಿಗೆ 15ರಲ್ಲಿ ಎದ್ದ ಗೆರೆಗೂ ಏಳೂವರೆಯಲ್ಲಿ ಎದ್ದ ಗೆರೆಗೂ ಇರುವ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಫೋನಿನ ಮೈಕು ಇಷ್ಟು ಕೆಳಗಿನ ಕಂಪನಗಳನ್ನು ಸರಿಯಾಗಿ ಹಿಡಿಯುವುದಿಲ್ಲ, ನಿಜ. ಆದರೆ ಟಿಕ್ ಎಂಬ ಪ್ರತಿ ಏಟಿನ ನಡುವಿನ ಅಂತರವನ್ನು ಅಲೆಯ ಚಿತ್ರದಲ್ಲಿ ಅಳೆಯಬಹುದು.

ಇನ್ನು ಜಾಗ ಹುಡುಕುವುದು. ಗ್ಯಾರೇಜುಗಳಲ್ಲಿ ಉದ್ದನೆಯ ಸ್ಕ್ರೂ ಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಯ ಹತ್ತಿರದ ಮೂಳೆಗೆ ತಾಗಿಸಿ ಕೇಳುವುದನ್ನು ನೀವು ನೋಡಿರಬಹುದು. ಅದು ಅಪ್ಪಟ ವಿಜ್ಞಾನ. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 345 ಮೀಟರ್ ಓಡಿದರೆ ಉಕ್ಕಿನಲ್ಲಿ 5,000 ಮೀಟರಿಗೂ ಹೆಚ್ಚು ಓಡುತ್ತದೆ. ಅದಕ್ಕಿಂತ ಮುಖ್ಯವಾದ ಸಂಗತಿ ಬೇರೆಯಿದೆ. ಲೋಹದಿಂದ ಗಾಳಿಗೆ ದಾಟುವಾಗ ಶಬ್ದದ ಶಕ್ತಿಯ ಬಹುಪಾಲು ಗಡಿಯಲ್ಲೇ ಹಿಂದಕ್ಕೆ ಪುಟಿಯುತ್ತದೆ. ಉಕ್ಕಿನ ಕಡ್ಡಿ ಆ ಗಡಿಯನ್ನೇ ತಪ್ಪಿಸಿ ಕಂಪನವನ್ನು ನೇರ ಮೂಳೆಗೆ ತಲುಪಿಸುತ್ತದೆ. ಕಡ್ಡಿಯನ್ನು ಒಂದು ಗೇಣು ಆಚೀಚೆ ಸರಿಸಿದರೆ ಶಬ್ದ ಏರಿಳಿಯುವುದು ಸ್ಪಷ್ಟವಾಗಿ ತಿಳಿಯುತ್ತದೆ. ಆದರೆ ತಿರುಗುವ ಬೆಲ್ಟಿನ ಹತ್ತಿರ ಇದನ್ನು ಅಭ್ಯಾಸವಿಲ್ಲದವರು ಮಾಡಬಾರದು. ಟವೆಲ್ಲು, ಸೆರಗು, ದುಪಟ್ಟಾ, ಸಡಿಲ ತೋಳು ಯಾವುದೂ ಬಾನೆಟ್ಟಿನ ಒಳಗೆ ಇಳಿಬೀಳಬಾರದು. ರೇಡಿಯೇಟರ್ ಫ್ಯಾನ್ ನಿಂತಿದ್ದರೂ ಬಿಸಿಯೇರಿದ ಕೂಡಲೇ ತಾನಾಗಿ ತಿರುಗಲು ಶುರುವಾಗುತ್ತದೆ. ಕಾರನ್ನು ಶೆಡ್ಡಿನಿಂದ ಹೊರಗೆ ತಂದೇ ಪರೀಕ್ಷೆ ಮಾಡಬೇಕು. ಮುಚ್ಚಿದ ಕೋಣೆಯಲ್ಲಿ ತುಂಬಿಕೊಳ್ಳುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ.

ಈಗ ಎಲ್ಲಕ್ಕಿಂತ ಕೆಟ್ಟ ಶಬ್ದಕ್ಕೆ ಬರೋಣ. ಕೆಳಗಿನಿಂದ, ಎಂಜಿನ್ನಿನ ಹೊಟ್ಟೆಯೊಳಗಿಂದ, ಮರದ ಸುತ್ತಿಗೆಯಲ್ಲಿ ಬಡಿದ ಹಾಗೆ ಬರುವ ಡಬ್ ಡಬ್. ರೇಸ್ ಮಾಡಿದರೆ ಏರುತ್ತದೆ, ಎಂಜಿನ್ ಬಿಸಿಯಾದಂತೆ ಜೋರಾಗುತ್ತದೆ. ಕನೆಕ್ಟಿಂಗ್ ರಾಡು ಕ್ರ್ಯಾಂಕನ್ನು ಅಪ್ಪಿಕೊಂಡಿರುವ ಜಾಗದ ಬೇರಿಂಗ್ ಸವೆದಿದೆ ಎಂದು ಅದರರ್ಥ. ಆ ಜಾಗದ ಮೇಲೆ ಬೀಳುವ ಭಾರ ಎಷ್ಟೆಂದು ಲೆಕ್ಕ ಹಾಕಿ ನೋಡಿ. ಮಾರುತಿ 800ರ ಪಿಸ್ಟನ್ನಿನ ವ್ಯಾಸ 68.5 ಮಿಲಿಮೀಟರ್. ಪೆಟ್ರೋಲ್ ಉರಿದಾಗ ಒಳಗಿನ ಒತ್ತಡ ಹೊರಗಿನ ವಾತಾವರಣದ 40 ಪಟ್ಟಾಯಿತು ಎಂದುಕೊಂಡರೂ ಅಂಗೈಯಗಲದ ಆ ಪಿಸ್ಟನ್ನಿನ ಮೇಲೆ ಒಂದೂವರೆ ಟನ್ ತೂಕ ಕೂತಂತಾಗುತ್ತದೆ. ಇಷ್ಟು ಭಾರ ಹೊತ್ತೂ ಉಕ್ಕಿನ ಕ್ರ್ಯಾಂಕ್ ಬೇರಿಂಗಿನ ಲೋಹಕ್ಕೆ ತಾಗುವುದೇ ಇಲ್ಲ. ಎರಡರ ನಡುವೆ ಕೂದಲಿಗಿಂತ ತೆಳುವಾದ ಎಣ್ಣೆಯ ಪದರವಿದೆ. ಭಾರ ಹೊರುವುದು ಅದು.

ಈ ಪದರವನ್ನು ಮನುಷ್ಯ ಕಂಡುಕೊಂಡ ಕಥೆ ನನಗೆ ಬಹಳ ಇಷ್ಟ. ಇಂಗ್ಲೆಂಡಿನಲ್ಲಿ ಬೋಷಾಂ ಟವರ್ ಎಂಬ ಎಂಜಿನಿಯರ್ 1880ರ ದಶಕದ ಆರಂಭದಲ್ಲಿ ರೈಲ್ವೆ ಅಚ್ಚುಗಳ ಬೇರಿಂಗುಗಳನ್ನು ಪರೀಕ್ಷಿಸುತ್ತಿದ್ದ. ಎಣ್ಣೆ ಬಿಡಲೆಂದು ಬೇರಿಂಗಿನ ನೆತ್ತಿಗೆ ರಂಧ್ರ ಕೊರೆದರೆ, ಅಚ್ಚು ತಿರುಗುವಾಗ ಎಣ್ಣೆ ಒಳಗೆ ಹೋಗುವ ಬದಲು ಮೇಲಕ್ಕೆ ಉಕ್ಕಿ ಬಂತು. ರಂಧ್ರಕ್ಕೆ ಬಿರಡೆ ಜಡಿದ. ಬಿರಡೆಯನ್ನು ಎಣ್ಣೆ ತಳ್ಳಿಹಾಕಿತು. ಮರದ ಗೂಟ ಹೊಡೆದ. ಅದೂ ಹೊರಬಂತು. ಆಗ ಒತ್ತಡಮಾಪಕ ಕೂರಿಸಿ ನೋಡಿದರೆ, ಬೇರಿಂಗಿನ ಮೇಲಿನ ಸರಾಸರಿ ಭಾರಕ್ಕಿಂತ ಎಣ್ಣೆಯ ಒತ್ತಡವೇ ಹೆಚ್ಚಾಗಿತ್ತು! ತಿರುಗುವ ಅಚ್ಚು ತನ್ನ ಜೊತೆ ಎಣ್ಣೆಯನ್ನು ಕಿರಿದಾಗುತ್ತ ಹೋಗುವ ಸಂದಿಗೆ ಎಳೆದೊಯ್ಯುತ್ತದೆ, ಅಲ್ಲಿ ಎಣ್ಣೆ ಒತ್ತಿಕೊಂಡು ಅಚ್ಚನ್ನೇ ಎತ್ತಿ ಹಿಡಿಯುತ್ತದೆ ಎಂದು 1886ರಲ್ಲಿ ಆಸ್ಬೋರ್ನ್ ರೆನಾಲ್ಡ್ಸ್ ಗಣಿತದಿಂದ ತೋರಿಸಿದ. ಇಂದಿಗೂ ಕಾರಿನ ಎಂಜಿನ್ನಿನ ಇಂಥ ಬೇರಿಂಗುಗಳು ನಿಂತಿರುವುದು ಆ ಗಣಿತದ ಮೇಲೆ.

ಸಂದಿಯ ಅಗಲ ಸರಿಯಾಗಿದ್ದಾಗ ಮಾತ್ರ ಈ ವಿದ್ಯೆ ನಡೆಯುತ್ತದೆ. ಎಣ್ಣೆ ಕಡಿಮೆಯಾಗಿ ಅಥವಾ ಹಳತಾಗಿ ಪದರ ಒಮ್ಮೆ ಹರಿದರೆ ಬೇರಿಂಗಿನ ಮೆದು ಲೋಹ ಸವೆಯುತ್ತದೆ. ಸವೆದಷ್ಟೂ ಸಂದಿ ಅಗಲವಾಗಿ ಎಣ್ಣೆ ಪಕ್ಕದಿಂದ ಸೋರಿಹೋಗುತ್ತದೆ, ಒತ್ತಡ ಇಳಿಯುತ್ತದೆ, ಪದರ ಇನ್ನಷ್ಟು ಹರಿಯುತ್ತದೆ. ಮೇಲಿನಿಂದ ಒಂದೂವರೆ ಟನ್ನಿನ ಏಟು ಬೀಳುತ್ತಲೇ ಇರುತ್ತದೆ. ಬಿಸಿಯಾದಾಗ ಶಬ್ದ ಹೆಚ್ಚುವ ಗುಟ್ಟೂ ಇಲ್ಲಿದೆ. ಸಾಮಾನ್ಯವಾಗಿ ಬಳಸುವ 5ಡಬ್ಲ್ಯೂ-30 ಎಣ್ಣೆ 40 ಡಿಗ್ರಿಯಲ್ಲಿ ಎಷ್ಟು ಮಂದವಾಗಿರುತ್ತದೋ 100 ಡಿಗ್ರಿಯಲ್ಲಿ ಅದರ ಆರನೆಯ ಒಂದು ಭಾಗದಷ್ಟೇ ಮಂದ. ಈ ಸ್ಥಿತಿಯಲ್ಲಿ ‘ನಿಧಾನವಾಗಿ ಹೋದರೆ ಹಿರಿಯೂರು ಮುಟ್ಟಬಹುದು’ ಎನ್ನುವುದು ಅಪಾಯದ ಮಾತು. 2,500 ಆರ್‌ಪಿಎಂನಲ್ಲಿ ಒಂದು ಗಂಟೆ ಓಡಿಸಿದರೆ ಕ್ರ್ಯಾಂಕ್ ಒಂದೂವರೆ ಲಕ್ಷ ಸುತ್ತು ತಿರುಗಿರುತ್ತದೆ. ಅಷ್ಟರೊಳಗೆ ರಾಡು ಮುರಿದು ಎಂಜಿನ್ನಿನ ಗೋಡೆ ತೂರಿ ಹೊರಬರಬಹುದು. ಆಗ ಬೇರಿಂಗ್ ಸೆಟ್ಟಿನ ಖರ್ಚಿನಲ್ಲಿ ಮುಗಿಯಬೇಕಾದ ಕೆಲಸಕ್ಕೆ ಹೊಸ ಎಂಜಿನ್ ಹಾಕಬೇಕಾಗುತ್ತದೆ. ಈ ಶಬ್ದ ಬಂದರೆ, ಅಥವಾ ಯಾವುದೇ ಶಬ್ದದ ಜೊತೆ ಕೆಂಪು ಆಯಿಲ್ ದೀಪ ಹೊತ್ತಿದರೆ, ಅಲ್ಲೇ ಎಂಜಿನ್ ಆಫ್ ಮಾಡಬೇಕು. ಕಾರನ್ನು ಗಾಡಿಯ ಮೇಲೆ ಹೇರಿ ಸಾಗಿಸಬೇಕು. ಜಾತ್ರೆಗೆ ಬಸ್ಸಿದೆ.

ಯಾವ ಸಿಲಿಂಡರಿನ ರಾಡು ಎಂದು ಪತ್ತೆ ಮಾಡಲು ಮೆಕ್ಯಾನಿಕ್ಕುಗಳು ಒಂದೊಂದೇ ಪ್ಲಗ್ಗಿನ ಕನೆಕ್ಷನ್ ತೆಗೆದು ನೋಡುತ್ತಾರೆ. ಆ ಸಿಲಿಂಡರಿನಲ್ಲಿ ಉರಿ ನಿಂತರೆ ಏಟಿನ ಭಾರ ತಗ್ಗಿ ಡಬಡಬ ಮೆತ್ತಗಾಗುತ್ತದೆ. ಜಾಣ ಪರೀಕ್ಷೆ. ಆದರೆ ಅಲ್ಲಿ ಸಾವಿರಾರು ವೋಲ್ಟ್ ವಿದ್ಯುತ್ ಇರುತ್ತದೆ. ಈಗಿನ ಕಾರುಗಳಲ್ಲಿ ಉರಿಯದ ಪೆಟ್ರೋಲ್ ಸೈಲೆನ್ಸರಿನ ಮುಂದಿರುವ ಕ್ಯಾಟಲಿಟಿಕ್ ಕನ್ವರ್ಟರನ್ನು ಹಾಳುಮಾಡುತ್ತದೆ. ಇದನ್ನು ಮನೆಯಲ್ಲಿ ಮಾಡಬೇಡಿ.

ಮೇಲಿನಿಂದ ಬರುವ ಟಿಕ್ ಟಿಕ್ ಅಷ್ಟು ಭಯಪಡುವಂಥದ್ದಲ್ಲ. ವಾಲ್ವ್ ಕಡ್ಡಿಗೂ ಅದನ್ನು ಒತ್ತುವ ತುಂಡಿಗೂ ನಡುವೆ ಬೇಕೆಂದೇ 0.1ರಿಂದ 0.3 ಮಿಲಿಮೀಟರ್ ಜಾಗ ಬಿಟ್ಟಿರುತ್ತಾರೆ, ಬಿಸಿಗೆ ಲೋಹ ಹಿಗ್ಗಲೆಂದು. ಸವೆತದಿಂದ ಜಾಗ ಹೆಚ್ಚಾದರೆ ಪ್ರತಿ ಬಾರಿಯೂ ಲೋಹ ಲೋಹಕ್ಕೆ ಬಡಿಯುತ್ತದೆ. ಫೀಲರ್ ಗೇಜ್ ಇಟ್ಟು ‘ಟ್ಯಾಪೆಟ್ ಸೆಟ್ಟಿಂಗ್’ ಮಾಡಿದರೆ ಮುಗಿಯಿತು. ಎಣ್ಣೆಯ ಒತ್ತಡದಿಂದಲೇ ಈ ಜಾಗವನ್ನು ತುಂಬಿಕೊಳ್ಳುವ ಹೈಡ್ರಾಲಿಕ್ ವ್ಯವಸ್ಥೆ ಕೆಲವು ಕಾರುಗಳಲ್ಲಿದೆ. ಅಂಥವುಗಳಲ್ಲಿ ಟಿಕ್ ಟಿಕ್ ಶುರುವಾದರೆ ಮೊದಲು ಕಡ್ಡಿ ಎಳೆದು ಆಯಿಲ್ ಮಟ್ಟ ನೋಡಬೇಕು. ಸಮತಟ್ಟಾದ ಜಾಗದಲ್ಲಿ, ಎಂಜಿನ್ ಆಫ್ ಮಾಡಿ ಕೆಲವು ನಿಮಿಷ ಬಿಟ್ಟು ನೋಡಬೇಕು. ಟ್ಯಾಪೆಟ್ ಜಾಗ ಅತಿ ಕಡಿಮೆಯಾದರೆ ಶಬ್ದವೇ ಬರುವುದಿಲ್ಲ, ಆದರೆ ವಾಲ್ವು ಪೂರ್ತಿ ಮುಚ್ಚದೆ ಸುಟ್ಟುಹೋಗುತ್ತದೆ. ಆದ್ದರಿಂದ ಪೂರ್ತಿ ಸದ್ದಡಗುವ ತನಕ ಬಿಗಿ ಮಾಡಿಸುವುದು ತಪ್ಪು. ಸ್ವಲ್ಪ ಟಿಕ್ ಇರುವ ಟ್ಯಾಪೆಟ್ಟೇ ಆರೋಗ್ಯವಂತ ಟ್ಯಾಪೆಟ್.

ತಣ್ಣಗಿದ್ದಾಗ ಬಂದು, ನಾಲ್ಕೈದು ನಿಮಿಷದಲ್ಲಿ ಮಾಯವಾಗುವ ಕಟಕಟ ಮತ್ತೊಂದು ಜಾತಿ. ಅಲ್ಯುಮಿನಿಯಂ ಬಿಸಿಗೆ ಬೀಡುಕಬ್ಬಿಣದ ಎರಡು ಪಟ್ಟು ಹಿಗ್ಗುತ್ತದೆ. ತಣ್ಣಗಿರುವ ಅಲ್ಯುಮಿನಿಯಂ ಪಿಸ್ಟನ್ ಕಬ್ಬಿಣದ ಸಿಲಿಂಡರಿನಲ್ಲಿ ಸಡಿಲವಾಗಿದ್ದು ಗೋಡೆಗೆ ಬಡಿಯುತ್ತದೆ, ಬಿಸಿಯಾದ ಮೇಲೆ ಜಾಗ ತುಂಬಿಕೊಳ್ಳುತ್ತದೆ. ಸೈಲೆನ್ಸರಿನ ಬೇರಿನಲ್ಲಿರುವ ಗ್ಯಾಸ್ಕೆಟ್ ಸೋರುತ್ತಿದ್ದರೂ ಇದೇ ನಡವಳಿಕೆ: ಬೆಳಿಗ್ಗೆ ಫುಸ್ ಫುಸ್, ಲೋಹ ಹಿಗ್ಗಿ ಬಿರುಕು ಮುಚ್ಚಿದ ಮೇಲೆ ಮೌನ. ಇವೆರಡರಲ್ಲೂ ಹಿರಿಯೂರು ಮುಟ್ಟಬಹುದು. ಸ್ಟಾರ್ಟ್ ಮಾಡಿದ ಮೊದಲ ಒಂದೆರಡು ಸೆಕೆಂಡು ಝರ್ರೆಂದು ಅಡಗುವ ಶಬ್ದ ಟೈಮಿಂಗ್ ಚೈನಿನದಿರಬಹುದು. ಚೈನನ್ನು ಬಿಗಿ ಹಿಡಿಯುವ ತುಂಡಿಗೆ ಆಯಿಲ್ ಒತ್ತಡ ತಲುಪುವ ತನಕ ಅದು ಓಲಾಡುತ್ತದೆ. ದಿನದಿಂದ ದಿನಕ್ಕೆ ಆ ಸೆಕೆಂಡುಗಳು ಹೆಚ್ಚುತ್ತಿದ್ದರೆ ಉದಾಸೀನ ಮಾಡಬಾರದು. ಚೈನು ಹಲ್ಲು ಜಿಗಿದರೆ ಹಲವು ಎಂಜಿನ್‌ಗಳಲ್ಲಿ ಪಿಸ್ಟನ್ನು ವಾಲ್ವಿಗೇ ಬಡಿಯುತ್ತದೆ.

ಬೆಲ್ಟಿನ ಕಿರುಚಾಟದ ಭೌತಶಾಸ್ತ್ರಕ್ಕೆ ನಮ್ಮವರ ನಂಟಿದೆ. 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ನಿರ್ದೇಶಕರಾಗಿ ಬಂದ ಸಿ.ವಿ. ರಾಮನ್, ಅದಕ್ಕೂ ಮುಂಚೆ ಕಲ್ಕತ್ತೆಯಲ್ಲಿದ್ದಾಗ ಪಿಟೀಲಿನ ತಂತಿ ಕಮಾನಿಗೆ ಹೇಗೆ ಕಂಪಿಸುತ್ತದೆಂದು ಆಳವಾಗಿ ಅಭ್ಯಾಸ ಮಾಡಿ 1918ರಲ್ಲಿ ಪ್ರಬಂಧ ಪ್ರಕಟಿಸಿದ್ದರು. ಕಮಾನು ತಂತಿಯನ್ನು ಹಿಡಿದು ಎಳೆಯುತ್ತದೆ, ತಂತಿ ಜಾರಿ ಹಿಂದಕ್ಕೆ ಹೋಗುತ್ತದೆ, ಮತ್ತೆ ಸಿಕ್ಕಿಬೀಳುತ್ತದೆ. ಈ ಹಿಡಿತ ಜಾರಿಕೆ ಸೆಕೆಂಡಿಗೆ ನೂರಾರು ಬಾರಿ ನಡೆದಾಗ ಸ್ವರ ಹುಟ್ಟುತ್ತದೆ. ಪುಲ್ಲಿಯ ಮೇಲೆ ಹಿಡಿದು ಜಾರುವ ಬೆಲ್ಟಿನಲ್ಲೂ ನಡೆಯುವುದು ಅದೇ ಘರ್ಷಣೆಯ ಆಟ. ಎ.ಸಿ. ಹಾಕಿದ ತಕ್ಷಣ, ಹೆಡ್‌ಲೈಟ್ ಉರಿಸಿದ ತಕ್ಷಣ ಕೀಚಲು ಜೋರಾದರೆ ಬೆಲ್ಟಿನ ಮೇಲೆ ಹೊರೆ ಬಿದ್ದಿದೆಯೆಂದು ಅರ್ಥ. ಒಂದು ಸರಳ ಪರೀಕ್ಷೆಯಿದೆ: ಓಡುತ್ತಿರುವ ಬೆಲ್ಟಿನ ಗೆರೆಗಳಿರುವ ಬದಿಗೆ ದೂರದಿಂದ ಸ್ವಲ್ಪ ನೀರು ಸಿಂಪಡಿಸಿದಾಗ ಶಬ್ದ ಕೆಲವು ಸೆಕೆಂಡು ನಿಂತು ಮತ್ತೆ ಬಂದರೆ ಪುಲ್ಲಿಗಳು ಒಂದೇ ಸಾಲಿನಲ್ಲಿಲ್ಲ. ನೀರು ಬಿದ್ದೊಡನೆ ಇನ್ನೂ ಜೋರಾದರೆ ಬೆಲ್ಟು ಸಡಿಲವಾಗಿದೆ. ಬೆಲ್ಟು ಹರಿದರೆ ಡೈನಮೋ ನಿಲ್ಲುತ್ತದೆ. ಅನೇಕ ಕಾರುಗಳಲ್ಲಿ ವಾಟರ್ ಪಂಪೂ ನಿಂತು ಬೇಸಿಗೆಯ ರಸ್ತೆಯಲ್ಲಿ ಎಂಜಿನ್ ಕುದಿಯುತ್ತದೆ. ಬಿರುಕು ಬಿಟ್ಟ ಬೆಲ್ಟಿನಲ್ಲಿ ದೂರ ಹೋಗುವುದು ಬೇಡ.

ಏರು ಹತ್ತುವಾಗ ಮಾತ್ರ ಕೇಳುವ ಗಿಲಿಗಿಲಿ, ಗೋಲಿ ಅಲುಗಿಸಿದಂಥದ್ದು, ಲೋಹ ಬಡಿದ ಶಬ್ದವಲ್ಲ. ಅದು ಬೆಂಕಿಯ ಶಬ್ದ. ಪ್ಲಗ್ಗಿನ ಕಿಡಿಯಿಂದ ಹೊರಟ ಜ್ವಾಲೆ ಮೂಲೆ ತಲುಪುವ ಮೊದಲೇ ಅಲ್ಲಿನ ಗ್ಯಾಸು ಒತ್ತಡಕ್ಕೆ ತಾನಾಗಿ ಸಿಡಿದರೆ, ಒತ್ತಡದ ಅಲೆ ಸಿಲಿಂಡರಿನ ಅಡ್ಡಗಲಕ್ಕೆ ಸೆಕೆಂಡಿಗೆ ಏಳೆಂಟು ಸಾವಿರ ಬಾರಿ ಅತ್ತಿತ್ತ ಓಡಾಡುತ್ತದೆ. ಇದಕ್ಕೆ ನಾಕಿಂಗ್ ಎಂದು ಹೆಸರು. 1921ರ ಡಿಸೆಂಬರಿನಲ್ಲಿ ಅಮೆರಿಕದ ಥಾಮಸ್ ಮಿಡ್ಗ್‌ಲಿ ಪೆಟ್ರೋಲಿಗೆ ಸೀಸದ ಸಂಯುಕ್ತ ಬೆರೆಸಿ ಇದನ್ನು ಅಡಗಿಸಿದ. ಅದಕ್ಕೆ ತೆತ್ತ ಬೆಲೆ ಭಯಂಕರ: ಎಷ್ಟೋ ದಶಕ ಜಗತ್ತಿನ ಮಕ್ಕಳು ಸೀಸದ ವಿಷವನ್ನು ಉಸಿರಾಡಿದರು. ಭಾರತದಲ್ಲಿ ಸೀಸದ ಪೆಟ್ರೋಲ್ ನಿಂತಿದ್ದು 2000ದ ಫೆಬ್ರುವರಿಯಲ್ಲಿ. 2023ರ ಫೆಬ್ರುವರಿ 6ರಂದು ಬೆಂಗಳೂರಿನಲ್ಲಿ ಬಿಡುಗಡೆಯಾದ, ಶೇ 20 ಎಥೆನಾಲ್ ಬೆರೆತ ಪೆಟ್ರೋಲು ನಾಕಿಂಗ್ ತಡೆಯುವುದರಲ್ಲಿ ಮೊದಲಿನದಕ್ಕಿಂತ ಮೇಲು, ಏಕೆಂದರೆ ಎಥೆನಾಲಿನ ಆಕ್ಟೇನ್ ಹೆಚ್ಚು. ಆದರೂ ಚಿತ್ರದುರ್ಗದ ಜೋಗಿಮಟ್ಟಿಯಂಥ ಏರಿನಲ್ಲಿ ಗಿಲಿಗಿಲಿ ಬಂದರೆ ಒಂದು ಗೇರ್ ಇಳಿಸಿ. ನಿಲ್ಲದಿದ್ದರೆ ಪಿಸ್ಟನ್ ನೆತ್ತಿಯ ಕರಿ, ಎಂಜಿನ್ನಿನ ಅತಿಬಿಸಿ, ಕಿಡಿಯ ಸಮಯ ಇವುಗಳನ್ನು ನೋಡಿಸಬೇಕು. ಹೊಸ ಕಾರುಗಳಲ್ಲಿ ನಾಕ್ ಸೆನ್ಸರ್ ಈ ಕಂಪನವನ್ನು ನಮಗಿಂತ ಮೊದಲೇ ಕೇಳಿಸಿಕೊಂಡು ಕಿಡಿಯನ್ನು ತಡಮಾಡುತ್ತದೆ. ಆಗ ಶಬ್ದ ಇರುವುದಿಲ್ಲ, ‘ಪಿಕಪ್ ಇಲ್ಲ’ ಎಂಬ ದೂರು ಮಾತ್ರ ಇರುತ್ತದೆ.

ನಮ್ಮ ಬಯಲುಸೀಮೆಯಲ್ಲಿ ಎಂಜಿನ್ ಕೆಡಲು ಇನ್ನೆರಡು ವಿಶೇಷ ಕಾರಣಗಳಿವೆ. ಒಂದು ದೂಳು. ಗ್ರಾನೈಟು, ನೈಸ್ ಕಲ್ಲುಗಳು ಸವೆದು ಆದ ಮಣ್ಣಿನಲ್ಲಿ ಬೆಣಚುಕಲ್ಲಿನ ಪುಡಿ ಇರುತ್ತದೆ. ಏರ್ ಫಿಲ್ಟರ್ ಹರಿದಿದ್ದರೆ ಅದು ಒಳಹೊಕ್ಕು ಸಿಲಿಂಡರಿನ ಗೋಡೆಯನ್ನು ಅರೆಯುತ್ತದೆ, ‘ಎಂಜಿನ್ ಬೋರಿಗೆ ಬರುವುದು’ ಹೀಗೆ. ಮಣ್ಣು ರಸ್ತೆಯಲ್ಲಿ ದಿನವೂ ಓಡುವ ಕಾರಿನ ಫಿಲ್ಟರನ್ನು ಕಂಪನಿಯ ಪುಸ್ತಕ ಹೇಳಿದ ಅವಧಿಗಿಂತ ಮೊದಲೇ ಬದಲಿಸಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ. ಇನ್ನೊಂದು ಇಲಿ. ಶೇಂಗಾ ಒಕ್ಕಣೆಯ ಕಾಲದಲ್ಲಿ ಮನೆ, ಕಣದ ಪಕ್ಕ ನಿಂತ ಕಾರಿನ ಬಾನೆಟ್ಟಿನ ಬಿಸಿಯಲ್ಲಿ ಅವು ಗೂಡು ಕಟ್ಟಿ ವೈರು ಕಡಿಯುತ್ತವೆ. ಒಂದು ಸಿಲಿಂಡರ್ ಉರಿಯದೆ ಎಂಜಿನ್ ‘ಮಿಸ್ಸಿಂಗ್’ ಹೊಡೆದು ನಡುಗುತ್ತದೆ. ನಡುಗುವ ಕಾರಿನಲ್ಲಿ ಮಿನುಗುವ ಎಂಜಿನ್ ದೀಪ ಕಂಡರೆ ಓಡಿಸುವುದನ್ನು ನಿಲ್ಲಿಸಿ ಮೊದಲು ವೈರುಗಳನ್ನು ನೋಡಿ.

ಕಾರಿನಡಿಯಿಂದ ಬರುವ ಝಣಝಣ ಎಂಬ ಹಗುರ ತಗಡಿನ ಸದ್ದು ಎಲ್ಲಕ್ಕಿಂತ ಹೆಚ್ಚು ಗಾಬರಿ ಹುಟ್ಟಿಸಿ ಎಲ್ಲಕ್ಕಿಂತ ಕಡಿಮೆ ಖರ್ಚಿನಲ್ಲಿ ಮುಗಿಯುವಂಥದ್ದು. ಸೈಲೆನ್ಸರಿನ ಶಾಖ ತಡೆಯುವ ತಗಡಿನ ಬೋಲ್ಟು ತುಕ್ಕು ಹಿಡಿದು ಬಿಟ್ಟಿರುತ್ತದೆ. ನಿರ್ದಿಷ್ಟ ಆರ್‌ಪಿಎಂಗೆ ಮಾತ್ರ ಅದು ಅಲುಗುವುದು, ತಗಡಿನ ಸಹಜ ಕಂಪನಕ್ಕೆ ಎಂಜಿನ್ನಿನ ಕಂಪನ ಹೊಂದಿಕೆಯಾದಾಗ. ಒಂದು ಉಕ್ಕಿನ ಪಟ್ಟಿ ಬಿಗಿದರೆ ಸಾಕು. ಎಂಜಿನ್ ತಣ್ಣಗಿದ್ದಾಗ ಬಡಿದು ನೋಡಿದರೆ ಅದೇ ಸದ್ದು ಬರುತ್ತದೆ.

ರಿಪೇರಿ ಆಯಿತೆಂದು ಗ್ಯಾರೇಜಿನವರು ಕೀಲಿ ಕೊಡುವಾಗ ಎಂಜಿನ್ ಬಿಸಿಯಾಗಿರುತ್ತದೆ. ಬೆಳಗಿನ ತಣ್ಣನೆಯ ಶಬ್ದಕ್ಕಾಗಿ ಕಾರು ಬಿಟ್ಟಿದ್ದರೆ ಆಗ ಅದು ಕೇಳಿಸದಿರುವುದು ಏನನ್ನೂ ಸಾಬೀತು ಮಾಡುವುದಿಲ್ಲ. ಸಾಧ್ಯವಾದರೆ ಕಾರನ್ನು ರಾತ್ರಿ ಅಲ್ಲೇ ಬಿಟ್ಟು, ಮರುದಿನ ಬೆಳಿಗ್ಗೆ ಮೆಕ್ಯಾನಿಕ್ಕಿನ ಎದುರಿಗೇ ಮೊದಲ ಸ್ಟಾರ್ಟ್ ಮಾಡಿಸಿ. ಏರಿನಲ್ಲಿ ಬಂದಿದ್ದಾದರೆ ಅವರನ್ನೂ ಕೂರಿಸಿಕೊಂಡು ಏರು ಹತ್ತಿಸಿ. ಬೇರಿಂಗ್ ಹಾಕಿಸಿದ್ದರೆ ಕೀಲಿ ತಿರುಗಿಸಿದ ಮೇಲೆ ಆಯಿಲ್ ದೀಪ ಆರುವ ತನಕ ರೇಸ್ ಮಾಡಬೇಡಿ.